ಕಲ್ಲೆಸೆತದ ದೂರ ಅಂದರೆ ಎಷ್ಟು?

ತಂಗೀ, ಶಿರಸಿ ಬಿಟ್ಟು ಇಂಗ್ಲೆಂಡಿನ ಲೀಡ್ಸ್‌ಗೆ ಕೆಲಸಕ್ಕೆ ಬರುತ್ತಿದ್ದೀಯ, ತುಂಬಾ ಖುಷಿಯಾಯಿತು. ಬಾಡಿಗೆ ಮನೆಯ ಜಾಹೀರಾತಿನಲ್ಲಿ ‘ಎ ಸ್ಟೋನ್ಸ್ ಥ್ರೋ ಫ್ರಮ್ ದಿ ಸ್ಟೇಷನ್’ ಅಂತಿದೆ, ಹಾಗಂದರೆ ಎಷ್ಟು ಮೀಟರ್, ನಂಬಬಹುದಾ ಅಕ್ಕಾ ಎಂದು ಕೇಳಿದ್ದೀಯ.

ಅದಕ್ಕೆ ಮೀಟರಿನ ಲೆಕ್ಕವೇ ಇಲ್ಲ. ಕಲ್ಲು ಬೀಸಿದರೆ ಹೋಗಿ ಬೀಳುವಷ್ಟು ದೂರ, ಅಷ್ಟೇ. ನಾವು ಕೂಗಳತೆ ದೂರ ಅನ್ನುತ್ತೇವಲ್ಲ, ಹಾಗೆ. ಮಾತು ಬಹಳ ಹಳೆಯದು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ, ಯೇಸು ಶಿಷ್ಯರಿಂದ ಒಂದು ಕಲ್ಲೆಸೆತದಷ್ಟು ಆಚೆ ಹೋಗಿ ಪ್ರಾರ್ಥಿಸಿದ ಅಂತ ಬರುತ್ತದೆ. ಅಲ್ಲಿ ಅದು ನಿಜಕ್ಕೂ ಹತ್ತಿರವೇ. ಮನೆ ಏಜೆಂಟರ ಕೈಯಲ್ಲಿ ಮಾತ್ರ ಹಿಗ್ಗಿಬಿಟ್ಟಿದೆ. ಇಪ್ಪತ್ತು ನಿಮಿಷ ನಡೆಯಬೇಕಾದ ಮನೆಗೂ ಅದನ್ನೇ ಬರೆದದ್ದು ನೋಡಿದ್ದೇನೆ.

ನಮ್ಮ ಕಾರವಾರ ರೈಲ್ವೆ ಸ್ಟೇಷನ್ ಇರುವುದು ಊರಿನಿಂದ ಆಚೆ, ಶಿರವಾಡದಲ್ಲಿ. ಊರವರಿಗೆ ಗೊತ್ತಿರುವುದರಿಂದ ಇಳಿದ ಕೂಡಲೇ ರಿಕ್ಷಾ ಹಿಡಿಯುತ್ತಾರೆ. ಲೀಡ್ಸ್‌ನಲ್ಲಿ ನಿನಗೆ ಇಂಥದ್ದನ್ನು ಹೇಳುವವರು ಯಾರೂ ಇರುವುದಿಲ್ಲ, ನೀನೇ ಕೇಳಬೇಕು.

‘ನಡೆದರೆ ಎಷ್ಟು ನಿಮಿಷ?’ ಎಂದು ನೇರವಾಗಿ ಕೇಳು. ಸಂಕೋಚ ಬೇಡ, ಇಲ್ಲಿ ಎಲ್ಲರೂ ಕೇಳುತ್ತಾರೆ. ಮನೆಯ ಪೂರ್ತಿ ಪೋಸ್ಟ್‌ಕೋಡ್ ಇಸಿದುಕೋ. ಅದು ನಮ್ಮ ಪಿನ್‌ಕೋಡ್ ತರಹ ಇಡೀ ಊರಿಗೆ ಒಂದಲ್ಲ. ಹೆಚ್ಚಾಗಿ ಒಂದೇ ಬೀದಿಯ ಹತ್ತು ಹದಿನೈದು ಮನೆಗಳಿಗೆ ಒಂದು. ಮ್ಯಾಪ್‌ನಲ್ಲಿ ಹಾಕಿದರೆ ಮನೆಯ ಹತ್ತಿರದವರೆಗೂ ದಾರಿ ಸಿಗುತ್ತದೆ. ಇಲ್ಲಿ ರಸ್ತೆಯ ದೂರವನ್ನು ಮೈಲಿಯಲ್ಲಿ ಹೇಳುತ್ತಾರೆ. ಅರ್ಧ ಮೈಲಿ ಅಂದರೆ ಸುಮಾರು 800 ಮೀಟರ್, ಹತ್ತು ನಿಮಿಷದ ನಡಿಗೆ. ಆದರೆ ಲೀಡ್ಸ್‌ನಲ್ಲಿ ಏರು ಜಾಸ್ತಿ, ಏರಿದ್ದರೆ ಇನ್ನೂ ಹೊತ್ತು ಬೇಕು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಕೆಲಸ ಮುಗಿಸಿ ನೀನು ಬರುವುದು ಕತ್ತಲಲ್ಲೇ, ಎಷ್ಟೋ ದಿನ ಮಳೆಯಲ್ಲಿ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇದೆಲ್ಲ ನೋಡುವ ಮುಂಚೆ ದುಡ್ಡು ಕಟ್ಟಬೇಡ. ಮನೆ ಹಿಡಿದಿಡಲು ಹೋಲ್ಡಿಂಗ್ ಡೆಪಾಸಿಟ್ ಕೇಳುತ್ತಾರೆ. 2019ರ ಕಾನೂನಿನ ಪ್ರಕಾರ ಇಂಗ್ಲೆಂಡಿನಲ್ಲಿ ಅದು ಒಂದು ವಾರದ ಬಾಡಿಗೆಗಿಂತ ಹೆಚ್ಚು ಇರುವಂತಿಲ್ಲ. ಆಮೇಲೆ ‘ದೂರ ಆಯ್ತು, ಬೇಡ’ ಅಂತ ನೀನೇ ಹಿಂದೆ ಸರಿದರೆ ಅದನ್ನು ಅವರು ಇಟ್ಟುಕೊಳ್ಳಬಹುದು.

ಈ ‘ಸ್ಟೋನ್ಸ್ ಥ್ರೋ’ ಅನ್ನುವುದನ್ನು ಮಾತಿನಲ್ಲಿ ನೀನೂ ಬಳಸು, ಚೆನ್ನಾಗಿರುತ್ತದೆ. ‘ಆಫೀಸಿನಿಂದ ಪಾರ್ಕ್ ಎ ಸ್ಟೋನ್ಸ್ ಥ್ರೋ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಅದು ಜಾಗದ ದೂರಕ್ಕೆ ಮಾತ್ರ. ಹಬ್ಬ ಹತ್ತಿರ ಬಂತು ಅನ್ನಲು ‘ರೌಂಡ್ ದ ಕಾರ್ನರ್’ ಅನ್ನುತ್ತಾರೆ.

ಆ ಮನೆಯ ಪೋಸ್ಟ್‌ಕೋಡ್ ನನಗೂ ಕಳಿಸು. ಶನಿವಾರ ನನಗೆ ರಜೆ. ಸ್ಟೇಷನ್ನಿನಿಂದ ನಡೆದು ನೋಡಿ, ದಾರಿಯಲ್ಲಿ ದೀಪ, ಅಂಗಡಿ ಇವೆಯಾ ಅಂತ ಹೇಳುತ್ತೇನೆ.