‘ಡ್ಯೂನ್’ ಅರ್ಧಕ್ಕೇ ನಿಂತವರಿಗೆ: ಕೊಡಗಿನ ಮಳೆಗಾಲದಲ್ಲಿ ಯಾವುದು ಮೊದಲು, ಯಾವುದು ಆಮೇಲೆ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಆರು ಗೆಳೆಯರು ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಓದಿ ತಿಂಗಳಿಗೊಮ್ಮೆ ಸೇರುತ್ತಿದ್ದೀರಿ. ಮೊದಲಿಗೇ ‘ಡ್ಯೂನ್’ ಹಿಡಿದಿರಿ, ಎಪ್ಪತ್ತು ಪುಟ ದಾಟುವಷ್ಟರಲ್ಲಿ ನಾಲ್ವರು ಕೈಬಿಟ್ಟರು. ‘ಈಗ ಏನು ಓದ್ತಾ ಇದ್ದೀರಿ’ ಎಂದು ಶುರುವಾದ ಹರಟೆ ಕಥೆ ಒಪ್ಪಿಸುವುದರಲ್ಲೇ ಮುಗಿಯುತ್ತದೆ. ಇದರ ಮೇಲೆ ಪುಸ್ತಕಗಳಿಗೆ ಬೂಷ್ಟು ಬೇರೆ.

ಕೈಬಿಟ್ಟವರದು ತಪ್ಪಲ್ಲ, ಓದುವ ಕ್ರಮ ತಪ್ಪಿದೆ. 1965ರಲ್ಲಿ ಬಂದ ಫ್ರಾಂಕ್ ಹರ್ಬರ್ಟ್‌ನ ಆ ಕಾದಂಬರಿ ಯಾರನ್ನೂ ಯಾವುದನ್ನೂ ಪರಿಚಯ ಮಾಡಿಕೊಡುವುದಿಲ್ಲ. ಮೊದಲ ಅಧ್ಯಾಯದಲ್ಲೇ ಗೊಮ್ ಜಬ್ಬಾರ್, ಬೆನೆ ಗೆಸರಿಟ್, ಕ್ವಿಸಾಟ್ಜ್ ಹಾಡರಾಕ್ ಎಂದು ಪದಗಳು ಒಂದರ ಮೇಲೊಂದು ಬೀಳುತ್ತವೆ. ಪದಕೋಶ ಪುಸ್ತಕದ ಕೊನೆಯಲ್ಲಿದೆ. ಪ್ರತಿ ಪದಕ್ಕೂ ಅಲ್ಲಿಗೆ ಓಡಿದವರು ಬೇಗ ಸುಸ್ತಾಗುತ್ತಾರೆ. ಓಡಬೇಡಿ, ಬಹುಪಾಲು ಪದಗಳು ಮುಂದಿನ ಪುಟಗಳಲ್ಲಿ ತಾವಾಗಿಯೇ ತಿಳಿಯುತ್ತವೆ. ಇನ್ನೊಂದು ತೊಡಕು, ದ್ರೋಹ ಮಾಡುವವನು ಯಾರು ಎಂಬುದನ್ನು ಎರಡನೇ ಅಧ್ಯಾಯದಲ್ಲೇ ಹೇಳಿಬಿಡುತ್ತಾರೆ. ಪತ್ತೇದಾರಿ ಕಾದಂಬರಿ ಓದಿ ರೂಢಿಯಾದವರಿಗೆ ‘ಇನ್ನೇನು ಉಳಿಯಿತು’ ಅನಿಸುವುದು ಇಲ್ಲಿಯೇ. ಗೊತ್ತಿರುವ ದ್ರೋಹ ಹೇಗೆ ಹತ್ತಿರ ಬರುತ್ತದೆ ಎಂದು ಉಸಿರು ಹಿಡಿದು ಕಾಯುವುದೇ ಅಲ್ಲಿನ ಕುತೂಹಲ ಎಂದು ಮೊದಲೇ ತಿಳಿದಿದ್ದರೆ ಓದು ಹಗುರಾಗುತ್ತದೆ.

ಆ ಪುಸ್ತಕದ ಬೀಗದ ಕೈ ಒಂದು ಸಣ್ಣ ದೃಶ್ಯದಲ್ಲಿದೆ. ಮರಳುಗಾಡಿನ ಫ್ರೆಮೆನ್ ಜನರ ಮುಖಂಡ ಸ್ಟಿಲ್ಗಾರ್, ಡ್ಯೂಕ್ ಲೀಟೋನ ಸಭೆಗೆ ಬಂದು ಅವನೆದುರು ಮೇಜಿನ ಮೇಲೆ ಉಗುಳುತ್ತಾನೆ. ಸುತ್ತ ಕೂತವರು ಕೆರಳುತ್ತಾರೆ. ಅಲ್ಲಿನ ರೀತಿ ಬಲ್ಲ ಡಂಕನ್ ಐಡಾಹೋ ಅವರನ್ನು ತಡೆದು, ಮೈಯ ತೇವವನ್ನು ಕಾಣಿಕೆ ಕೊಟ್ಟದ್ದಕ್ಕೆ ಕೃತಜ್ಞತೆ ಹೇಳಿ ತಾನೂ ಉಗುಳುತ್ತಾನೆ. ನೀರಿಲ್ಲದ ಗ್ರಹದಲ್ಲಿ ಉಗುಳುವುದೇ ಮರ್ಯಾದೆ. ಬೆವರನ್ನೂ ಉಸಿರಿನ ತೇವವನ್ನೂ ಹಿಡಿದು ಮತ್ತೆ ಕುಡಿಯಲು ಕೊಡುವ ಉಡುಪು, ಸತ್ತವರ ಮೈಯ ನೀರು ಇಡೀ ಬಳಗದ ಆಸ್ತಿ ಎಂಬ ಕಟ್ಟಳೆ, ಎಲ್ಲವೂ ಇದೇ ಒಂದು ನಿಯಮದಿಂದ ಹೊರಟದ್ದು. ಭಾಗಮಂಡಲದ ಸಂಗಮ ತುಂಬಿ ಹರಿಯುವ ದಿನಗಳಲ್ಲಿ ಕೊಡಗಿನಲ್ಲಿ ಕೂತು ಇದನ್ನು ಓದಿದರೆ ಆ ಲೋಕ ಎಷ್ಟು ತಿರುವುಮುರುವು ಎಂದು ಬೇರೆಯವರಿಗಿಂತ ನಿಮಗೇ ಚೆನ್ನಾಗಿ ಹೊಳೆಯುತ್ತದೆ. ಈ ಬಗೆಯ ಯಾವ ಪುಸ್ತಕ ಹಿಡಿದರೂ ಮೊದಲು ಹುಡುಕಬೇಕಾದ್ದು ಇದನ್ನೇ: ಅಲ್ಲಿ ಯಾವುದು ದುರ್ಲಭ, ಯಾವುದಕ್ಕೆ ಬೆಲೆ ತೆರಬೇಕು? ಅದು ಸಿಕ್ಕಿತೆಂದರೆ ಹೆಸರುಗಳ ರಾಶಿ ಹೆದರಿಸುವುದಿಲ್ಲ.

ಆದರೂ ‘ಡ್ಯೂನ್’ ಅನ್ನು ಸೆಪ್ಟೆಂಬರ್‌ಗೆ ಎತ್ತಿಡಿ. ಗದ್ದೆ ನಾಟಿ ಮುಗಿದು ಕೈಲ್ ಮುಹೂರ್ತದ ಹಬ್ಬ ಕಳೆದ ಮೇಲೆ ಅದಕ್ಕೆ ಬೇಕಾದ ಬಿಡುವು ಸಿಗುತ್ತದೆ. ಜೂನ್‌ನಲ್ಲಿ ಚಿಕ್ಕದರಿಂದ ಶುರು ಮಾಡಿ.

ನಾನು ಮೊದಲಿಗೆ ಕೊಡುವುದು ರೊಕೆಯಾ ಹುಸೇನರ ‘ಸುಲ್ತಾನಾಸ್ ಡ್ರೀಮ್’. 1905ರಲ್ಲಿ ಮದ್ರಾಸಿನ ಒಂದು ಇಂಗ್ಲಿಷ್ ಮಹಿಳಾ ಪತ್ರಿಕೆಯಲ್ಲಿ ಬಂದ ಕಥೆ, ಹತ್ತು ಹದಿನೈದು ಪುಟ, ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಗಂಡಸರು ಅಂತಃಪುರದೊಳಗೆ, ಹೆಂಗಸರು ರಾಜ್ಯಭಾರದಲ್ಲಿ. ಅಲ್ಲಿನ ವಿಜ್ಞಾನಿಗಳು ಬಲೂನಿಗೆ ಕೊಳವೆ ಜೋಡಿಸಿ ಮೋಡದಿಂದಲೇ ನೀರು ಇಳಿಸಿಕೊಳ್ಳುತ್ತಾರೆ, ಸೂರ್ಯನ ಶಾಖ ಕೂಡಿಡುತ್ತಾರೆ, ಅಡುಗೆಯೂ ಅದರಲ್ಲೇ. ಮಳೆಯನ್ನು ಬೇಕಾದಷ್ಟೇ ಇಳಿಸಿಕೊಳ್ಳಬಹುದಾದರೆ ಕಾಫಿ ತೋಟದ ಲೆಕ್ಕಾಚಾರ ಏನಾದೀತು? ಕಾಫಿ ಹೂ ಅರಳಿಸುವ ಮಾರ್ಚ್‌ನ ಹೂಮಳೆ ಯಾರ ಕೈಯಲ್ಲಿರಬೇಕು? ನಿಮ್ಮ ಆರು ಜನಕ್ಕೆ ಒಂದು ಸಂಜೆಗೆ ಇಷ್ಟು ಸಾಕು.

ಜುಲೈಗೆ ಎಚ್.ಜಿ. ವೆಲ್ಸ್‌ನ ‘ದಿ ಟೈಮ್ ಮಷೀನ್’, 1895. ನೂರು ಪುಟದ ಆಸುಪಾಸು. ಇದನ್ನು ಪೆನ್ಸಿಲ್ ಹಿಡಿದು ಓದಿ. 8,02,701ನೇ ಇಸವಿಗೆ ಹೋದ ಆ ಪ್ರಯಾಣಿಕ ಎದುರಿಗೆ ಕಂಡ ಎಲೋಯ್ ಜನರನ್ನು ನೋಡಿ ಒಂದು ಸಿದ್ಧಾಂತ ಕಟ್ಟುತ್ತಾನೆ. ಹೊಸ ಸಂಗತಿ ಕಂಡಾಗ ಅದು ಮುರಿಯುತ್ತದೆ, ಇನ್ನೊಂದು ಕಟ್ಟುತ್ತಾನೆ, ಅದನ್ನೂ ತಿದ್ದುತ್ತಾನೆ. ಅವನು ಅಭಿಪ್ರಾಯ ಬದಲಿಸುವ ಪ್ರತಿ ಜಾಗಕ್ಕೂ ಅಂಚಿನಲ್ಲಿ ಗೆರೆ ಹಾಕಿ. ವಿಜ್ಞಾನದ ಕಥೆಗೂ ಯಂತ್ರವಿರುವ ಬರೀ ಸಾಹಸ ಕಥೆಗೂ ಇರುವ ವ್ಯತ್ಯಾಸ ಆ ಗೆರೆಗಳಲ್ಲಿ ಕಾಣುತ್ತದೆ.

ಆಗಸ್ಟ್‌ಗೆ ಉರ್ಸುಲಾ ಲೆ ಗ್ವಿನ್‌ರ ‘ಎ ವಿಝರ್ಡ್ ಆಫ್ ಅರ್ತ್‌ಸೀ’, 1968. ಹತ್ತೇ ಅಧ್ಯಾಯ. ಮಾಂತ್ರಿಕರ ಶಾಲೆಯಲ್ಲಿ ಗುರು ಒಂದು ಬೆಣಚುಕಲ್ಲನ್ನು ವಜ್ರವಾಗಿ ತೋರಿಸಿ, ಇದು ಬರೀ ತೋರಿಕೆ ಎನ್ನುತ್ತಾನೆ. ನಿಜವಾಗಿ ವಜ್ರ ಮಾಡಬೇಕಾದರೆ ಕಲ್ಲಿನ ನಿಜ ಹೆಸರನ್ನೇ ಬದಲಿಸಬೇಕು, ಹಾಗೆ ಮಾಡಿದರೆ ಅಷ್ಟರ ಮಟ್ಟಿಗೆ ಲೋಕವೇ ಬದಲಾಗುತ್ತದೆ, ಪರಿಣಾಮ ತಿಳಿಯದೆ ಒಂದು ಹರಳನ್ನೂ ಮುಟ್ಟಬಾರದು. ಹುಡುಗ ಗೆಡ್ ಅದನ್ನು ಕೇಳಿಸಿಕೊಂಡೂ ಕೇಳದವನಂತೆ ನಡೆಯುವುದೇ ಮುಂದಿನ ಕಥೆ. ನಕ್ಷೆ ಮುಂಪುಟದಲ್ಲಿದೆ, ಅದನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ದೋಣಿ ಪ್ರಯಾಣ ಓದುವಾಗ ಪದೇ ಪದೇ ಪುಟ ತಿರುವುವುದು ತಪ್ಪುತ್ತದೆ. ಸರಣಿಯ ಮೊದಲ ಮೂರು ಪುಸ್ತಕ 1968ರಿಂದ 1972ರೊಳಗೆ ಬಂದವು, ನಾಲ್ಕನೆಯದು ‘ತೆಹಾನು’ 1990ರಲ್ಲಿ. ನಡುವಿನ ಅಂತರ ಪುಸ್ತಕದ ಸ್ವರದಲ್ಲೇ ಕೇಳಿಸುತ್ತದೆ, ಹಾಗಾಗಿ ಒಂದೇ ಉಸಿರಿಗೆ ನಾಲ್ಕನ್ನೂ ಓದಬೇಡಿ.

ಇನ್ನು ಆವೃತ್ತಿಯ ವಿಚಾರ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅರ್ಧ ಓದುಗರು ಕಳೆದುಹೋಗುವುದು ಇಲ್ಲೇ ಎಂಬುದು ನನ್ನ ನಂಬಿಕೆ. ಜೂಲ್ಸ್ ವೆರ್ನ್‌ನ ‘ಟ್ವೆಂಟಿ ಥೌಸಂಡ್ ಲೀಗ್ಸ್’ ಅಗ್ಗದ ಮುದ್ರಣಗಳಲ್ಲಿ ಎಲ್ಲೆಡೆ ಸಿಗುತ್ತದೆ. ಅವುಗಳಲ್ಲಿ ಹಲವು 1870ರ ದಶಕದ ಮರ್ಸಿಯರ್ ಅನುವಾದ. ಅದು ಮೂಲದ ಹೆಚ್ಚುಕಡಿಮೆ ಕಾಲು ಭಾಗವನ್ನು ಕತ್ತರಿಸಿದೆ, ಅದರಲ್ಲೂ ವಿಜ್ಞಾನದ ಭಾಗವನ್ನು. ಅನುವಾದಕರ ಹೆಸರು ಹಾಕದ ಪ್ರತಿಯಾದರೆ ಎರಡನೇ ಅಧ್ಯಾಯದ ಆರಂಭ ತೆರೆಯಿರಿ. ನೆಬ್ರಾಸ್ಕಾ ಸೀಮೆಯನ್ನು ‘ಡಿಸಗ್ರೀಯಬಲ್ ಟೆರಿಟರಿ’ ಎಂದು ಕರೆದಿದ್ದರೆ ಅದೇ ಕತ್ತರಿಸಿದ ಅನುವಾದ, ವಾಪಸು ಇಟ್ಟುಬಿಡಿ. ‘ಬ್ಯಾಡ್‌ಲ್ಯಾಂಡ್ಸ್’ ಎಂದಿದ್ದರೆ ಕೊಳ್ಳಬಹುದು. ಇದನ್ನು ಓದಿದ ಮೇಲೆಯೇ ‘ದಿ ಮಿಸ್ಟೀರಿಯಸ್ ಐಲ್ಯಾಂಡ್’. ‘ಟ್ವೆಂಟಿ ಥೌಸಂಡ್ ಲೀಗ್ಸ್’ನ ಜಲಾಂತರ್ನೌಕೆಯ ಒಡೆಯ ಕ್ಯಾಪ್ಟನ್ ನೀಮೋ ಯಾರೆಂಬ ಗುಟ್ಟು ಅಲ್ಲಿದೆ, ಭಾರತದ ಓದುಗರಿಗೆ ಅದು ವಿಶೇಷ. ಹಾಗಾಗಿ ಇಲ್ಲಿ ಬಿಚ್ಚುವುದಿಲ್ಲ.

ಅಸಿಮೋವ್‌ನ ‘ಫೌಂಡೇಶನ್’ ಸರಣಿಯನ್ನು ಕಥೆಯ ಕಾಲಕ್ರಮದಲ್ಲಿ ಓದಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. 1951, 1952, 1953ರ ಮೂರು ಪುಸ್ತಕ ಮೊದಲು. 1988ರ ‘ಪ್ರಿಲ್ಯೂಡ್ ಟು ಫೌಂಡೇಶನ್’ ಕಥೆಯಲ್ಲಿ ಹಿಂದಿನ ಕಾಲದ್ದಾದರೂ ಬರೆದದ್ದು ಆಮೇಲೆ. ಹಳೆಯದು ಗೊತ್ತಿದ್ದವರಿಗೇ ಅದರ ರುಚಿ. ಮೊದಲ ಪುಸ್ತಕ ಐದು ಕಥೆಗಳ ಜೋಡಣೆ, ಡಿಸೆಂಬರ್‌ನಿಂದ ಕಾಫಿ ಕುಯ್ಲಿನಲ್ಲಿ ಸಿಕ್ಕಿಕೊಂಡವರಿಗೆ ವಾರಕ್ಕೊಂದರಂತೆ ಸರಿಹೊಂದುತ್ತದೆ. ಲಿಯು ಸಿಶಿನ್‌ರ ‘ತ್ರೀ ಬಾಡಿ ಪ್ರಾಬ್ಲಮ್’ ಇಂಗ್ಲಿಷಿಗೆ ಬಂದದ್ದು 2014ರಲ್ಲಿ, ಕೆನ್ ಲಿಯು ಅನುವಾದ. ಚೀನೀ ಪುಸ್ತಕದಲ್ಲಿ ನಡುವೆ ಇದ್ದ ಸಾಂಸ್ಕೃತಿಕ ಕ್ರಾಂತಿಯ ಅಧ್ಯಾಯಗಳನ್ನು ಲೇಖಕರು ಮೊದಲು ಬಯಸಿದ್ದಂತೆ ಆರಂಭಕ್ಕೆ ತಂದಿದ್ದಾರೆ. ಮೊದಲ ಪುಟಗಳಲ್ಲಿ ವಿಜ್ಞಾನವೇ ಇಲ್ಲವಲ್ಲ ಎಂದು ಹಾರಿಸಿದರೆ ಕಥೆಯ ಬೇರನ್ನೇ ಕಳೆದುಕೊಂಡಂತೆ.

ಟೋಲ್ಕಿನ್‌ನ ‘ಲಾರ್ಡ್ ಆಫ್ ದ ರಿಂಗ್ಸ್’ 1954–55ರಲ್ಲಿ ಮೂರು ಸಂಪುಟವಾಗಿ ಬಂದರೂ ಒಂದೇ ಕಾದಂಬರಿ. ಅದಕ್ಕೇ ಮೊದಲ ಸಂಪುಟ ಮುಗಿದಂತೆ ಅನಿಸುವುದಿಲ್ಲ. ಒಳಗೆ ಆರು ಭಾಗ, 62 ಅಧ್ಯಾಯ. ತಿಂಗಳಿಗೊಂದು ಭಾಗ ಎಂದಿಟ್ಟುಕೊಂಡರೆ ಆರು ತಿಂಗಳಿಗೆ ಮುಗಿಯುತ್ತದೆ. ಆರಂಭದ ಪ್ರಸ್ತಾವನೆಯನ್ನು ಮೊದಲ ಓದಿನಲ್ಲಿ ಬಿಟ್ಟುಬಿಡಿ, ಪೈಪಿನ ಹೊಗೆಸೊಪ್ಪಿನ ವಿವರದಲ್ಲೇ ಎಷ್ಟೋ ಜನ ನಿಂತುಹೋಗುತ್ತಾರೆ. 1937ರ ‘ಹಾಬಿಟ್’ ಮುಂಚೆ ಓದಿದ್ದರೆ ಪ್ರಸ್ತಾವನೆಯ ಅಗತ್ಯವೂ ಬೀಳದು.

ನಾಲ್ಕು ಪುಸ್ತಕಕ್ಕೆ ಒಂದಾದರೂ ಕನ್ನಡದ್ದು ಇರಲಿ. ತೇಜಸ್ವಿಯವರ ‘ಕರ್ವಾಲೊ’ (1980) ಸೈನ್ಸ್ ಫಿಕ್ಷನ್ ಅಲ್ಲ ಎಂದು ನಿಮ್ಮಲ್ಲೇ ಜಗಳವಾಗುತ್ತದೆ, ಆಗಲಿ. ಹಾರುವ ಓತಿಯನ್ನು ಹುಡುಕಿ ಕಾಡು ಹೊಕ್ಕವರ ಆ ಕಥೆಯಲ್ಲಿರುವ ವಿಕಾಸದ ಬೆರಗು, ಬಾಹ್ಯಾಕಾಶದ ನೌಕೆ ಹತ್ತಿದ ಅನೇಕ ಕಾದಂಬರಿಗಳಲ್ಲಿ ಇಲ್ಲ. ಮಲೆನಾಡಿನ ತೋಟ, ಕೂಲಿ, ಜೇನು ನಿಮಗೆ ವಿವರಿಸಿ ಹೇಳಬೇಕಾದ್ದಿಲ್ಲ. ಫ್ಯಾಂಟಸಿ ಕಡೆ ಒಲವಿದ್ದರೆ ಕಂಬಾರರ ‘ಶಿಖರಸೂರ್ಯ’, ಮಹಾಭಾರತವನ್ನು ವಿಜ್ಞಾನದ ಕಣ್ಣಲ್ಲಿ ನೋಡುವ ಆಸೆಯಿದ್ದರೆ ಮನು ಅವರ ‘ಮಹಾಸಂಪರ್ಕ’. ರಾಜಶೇಖರ ಭೂಸನೂರಮಠರ ಪುಸ್ತಕ ಹಳೆಯ ಗ್ರಂಥಾಲಯಗಳಲ್ಲಿ ಕಂಡರೆ ಬಿಡಬೇಡಿ.

ಹರಟೆಯ ಬಗ್ಗೆ. ಕಥೆ ಒಪ್ಪಿಸುವುದು ನಿಲ್ಲಬೇಕಾದರೆ ಪ್ರತಿಯೊಬ್ಬರೂ ಮೂರು ಸಂಗತಿ ತರಲಿ: ಆ ಲೋಕದ ಒಂದು ನಿಯಮ, ಆ ನಿಯಮ ಯಾರನ್ನೋ ಕಟ್ಟಿಹಾಕಿದ ಒಂದು ಜಾಗ, ಲೇಖಕರೇ ಅದನ್ನು ಮುರಿದರೇನೋ ಅನಿಸಿದ ಒಂದು ಜಾಗ. ಏಳೆಂಟು ನಿಮಿಷಕ್ಕೆ ಒಬ್ಬರಂತೆ ಆರು ಜನಕ್ಕೆ ಮುಕ್ಕಾಲು ಗಂಟೆ, ಉಳಿದದ್ದು ಬಿಡು ಮಾತು. ಓದಿ ಮುಗಿಸದವರು ಮೊದಲು ಮಾತಾಡಲಿ, ಮುಗಿಸಿದವರು ಬಾಯಿಬಿಟ್ಟ ಮೇಲೆ ಅವರಿಗೆ ಹೇಳಲು ಏನೂ ಉಳಿಯುವುದಿಲ್ಲ. ‘ಇಲ್ಲಿಯವರೆಗೆ ಮಾತ್ರ’ ಎಂಬ ಗಡಿಯನ್ನು ಅಧ್ಯಾಯದ ಸಂಖ್ಯೆಯಲ್ಲಿ ಹಾಕಿ, ಪುಟದಲ್ಲಿ ಬೇಡ. ಕಿಂಡಲ್‌ನಲ್ಲಿ ಓದುವವರದ್ದೂ ಹಳೆಯ ಪೇಪರ್‌ಬ್ಯಾಕ್‌ನವರದ್ದೂ ಪುಟ ತಾಳೆಯಾಗುವುದಿಲ್ಲ. ಎಲ್ಲರೂ ಬೇರೆ ಬೇರೆ ಪುಸ್ತಕ ಓದುತ್ತಿರುವ ತಿಂಗಳಲ್ಲಿ ಹೆಸರು, ಬಂದ ವರ್ಷ, ಸರಣಿಯಲ್ಲಿ ಎಷ್ಟನೆಯದು, ಅದೊಂದನ್ನೇ ಓದಿದರೆ ಅರ್ಥವಾಗುತ್ತದೆಯೇ, ಇಷ್ಟು ಹೇಳಿದರೆ ಕೇಳುವವರಿಗೆ ಉಪಯೋಗ. ಸರಣಿ ಮುಗಿದಿದೆಯೇ ಎಂಬುದನ್ನೂ ಕೇಳಿ. ‘ವೀಲ್ ಆಫ್ ಟೈಮ್’ 14 ಸಂಪುಟವಾದರೂ ಪೂರ್ತಿಯಾಗಿದೆ, ‘ಸಾಂಗ್ ಆಫ್ ಐಸ್ ಅಂಡ್ ಫೈರ್’ನ ಐದನೆಯದು ಬಂದದ್ದು 2011ರಲ್ಲಿ, ಸರಣಿ ಅಲ್ಲಿಗೆ ಮುಗಿಯುವುದಿಲ್ಲ.

ಖರ್ಚಿನ ಮಾತು ಚಿಕ್ಕದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಕೃತಿ ಎಲ್ಲರಿಗೂ ಮುಕ್ತ. ರೊಕೆಯಾ, ವೆಲ್ಸ್, ವೆರ್ನ್ ಮೂವರದ್ದೂ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಂಥ ಇ-ಪುಸ್ತಕ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತದೆ. ಮಳೆ ಜೋರಾಗಿ ಟವರ್ ಕೈಕೊಡುವ ಮುಂಚೆಯೇ ಇಳಿಸಿಟ್ಟುಕೊಳ್ಳಿ.

ಬೂಷ್ಟಿಗೆ ಬರೋಣ. ಗಾಳಿಯ ತೇವ ಶೇ. 65–70 ದಾಟಿ ಹಾಗೇ ನಿಂತರೆ ಕಾಗದದ ಮೇಲೆ ಬೂಷ್ಟು ಏಳುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಹುತೇಕ ದಿನ ಅಷ್ಟಿರುತ್ತದೆ. ನುಸಿಗುಳಿಗೆ ಹುಳಕ್ಕೆ ಸರಿ, ಬೂಷ್ಟನ್ನು ತಡೆಯುವುದಿಲ್ಲ. ತೆರೆದ ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಇಡುವುದೂ ದಂಡ, ಊರಿನ ತೇವವನ್ನೆಲ್ಲ ಅದು ಹೀರಲಾರದು. ಗಟ್ಟಿ ಮುಚ್ಚಳದ 40 ಲೀಟರ್ ಪ್ಲಾಸ್ಟಿಕ್ ಡಬ್ಬಿಗೆ ಬಣ್ಣ ಬದಲಿಸುವ ಜೆಲ್ ಸುಮಾರು 200 ಗ್ರಾಂ ಬಟ್ಟೆಯಲ್ಲಿ ಕಟ್ಟಿ ಹಾಕಿ. ಬಣ್ಣ ತಿರುಗಿದಾಗ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಡಬ್ಬಿಗೆ ಹಾಕುವ ಮುಂಚೆ ಪುಸ್ತಕ ಒಣಗಿರಲೇಬೇಕು, ಇಲ್ಲವಾದರೆ ತೇವವನ್ನು ಒಳಗೇ ಮುಚ್ಚಿಟ್ಟಂತೆ.

ಕಪಾಟೇ ಆಗಬೇಕೆಂದರೆ ಹೊರಗೋಡೆಗೆ ಆನಿಸಬೇಡಿ, ಎರಡು ಮೂರು ಇಂಚು ಬಿಡಿ, ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ. ಮುಚ್ಚಿದ ಕಪಾಟಿನ ತಳದಲ್ಲಿ 15 ವ್ಯಾಟ್‌ನ ಹಳೆಯ ಕಾಲದ ಬಲ್ಬು ಉರಿಸಿದರೆ ಒಳಗಿನ ಗಾಳಿ ಬೆಚ್ಚಗಾಗಿ ತೇವದ ಪ್ರಮಾಣ ಇಳಿಯುತ್ತದೆ. ಎಲ್‌ಇಡಿಗೆ ಆ ಶಾಖವಿಲ್ಲ. ಬಲ್ಬಿಗೂ ಕಾಗದಕ್ಕೂ ಅರ್ಧ ಅಡಿಗೆ ಕಡಿಮೆಯಿಲ್ಲದ ಅಂತರ, ಸುತ್ತ ತಂತಿ ಬಲೆ ಇರಲಿ. ಒಲೆಯ ಮೇಲಿನ ಅಟ್ಟದಲ್ಲಿ ಪುಸ್ತಕ ಒಣಗುವುದು ನಿಜ, ಜೊತೆಗೆ ಮಸಿ ಹಿಡಿದು ಬೆನ್ನಿನ ಗೋಂದು ಪೆಡಸಾಗಿ ಪೇಪರ್‌ಬ್ಯಾಕ್ ಹಾಳೆ ಉದುರುತ್ತದೆ.

ಆಗಲೇ ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಕಲೆ ಕಾಗದದೊಳಗೆ ಇಳಿಯುತ್ತದೆ. ಬೇರೆ ಪುಸ್ತಕಗಳಿಂದ ದೂರ ಇಟ್ಟು, ಫ್ಯಾನ್ ಗಾಳಿಗೆ ಪೂರ್ತಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೆತ್ತನೆಯ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಅಂಚಿನತ್ತ ಗುಡಿಸಿ. ಕೊರಿಯರ್‌ನಲ್ಲಿ ನೆನೆದು ಬಂದ ಪುಸ್ತಕಕ್ಕೆ 48 ಗಂಟೆಯೊಳಗೆ ಏನಾದರೂ ಮಾಡಲೇಬೇಕು: ಪುಸ್ತಕವನ್ನು ನಿಲ್ಲಿಸಿ ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ, ನಡುನಡುವೆ ಅಚ್ಚಿಲ್ಲದ ಬಿಳಿ ಕಾಗದ ಇಟ್ಟು, ಗಂಟೆಗೊಮ್ಮೆ ಆ ಕಾಗದ ಬದಲಿಸಿ. ನಕ್ಷೆ, ಚಿತ್ರಗಳಿರುವ ನುಣುಪು ಹಾಳೆಯದಾದರೆ ಒಣಗುವಾಗ ಅಂಟಿಕೊಂಡುಬಿಡುತ್ತದೆ. ಅಂಥದ್ದನ್ನು ಒದ್ದೆಯಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿಗೆ ಹಾಕಿ, ಬಿಡುವಾದಾಗ ಹೊರತೆಗೆದು ಒಂದೊಂದೇ ಹಾಳೆ ಬಿಡಿಸುತ್ತಾ ಒಣಗಿಸಬಹುದು. ಎರಡು ಮೂರು ದಿನ ಕರೆಂಟು ಹೋಗುವ ಊರಾದರೆ ಫ್ರೀಜರ್ ನಂಬದೆ ಕೂಡಲೇ ಒಣಗಿಸಲು ಕೂರಬೇಕು.