ಪಿಎಚ್.ಡಿ. ಗೈಡು ಯಾವಾಗ ನಿವೃತ್ತರಾಗುತ್ತಾರೆ, ಅದನ್ನು ಮೊದಲು ಕೇಳಿ

ಪ್ರಶ್ನೆ: ಮೇಷ್ಟ್ರೇ, ನನ್ನದು ಮುಳಬಾಗಿಲು ಹತ್ತಿರದ ಹಳ್ಳಿ. ವಯಸ್ಸು 33. ರಾಜ್ಯಶಾಸ್ತ್ರದಲ್ಲಿ ಎಂ.ಎ., ಶೇ. 61. ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಹೋದ ವರ್ಷ ಯಾರೋ ಬ್ಯಾಂಕಿನವರು ಅಂತ ಫೋನ್ ಮಾಡಿದರು. ರೇಷ್ಮೆಗೂಡು ಮಾರಿದ 84 ಸಾವಿರ ರೂಪಾಯಿ ನಮ್ಮ ಮಾವನ ಖಾತೆಯಿಂದ ಹೋಯಿತು. ಅವತ್ತಿನಿಂದ ಸೈಬರ್ ವಂಚನೆ ತಡೆಯುವ ವ್ಯವಸ್ಥೆ ಮೇಲೆ ಪಿಎಚ್.ಡಿ. ಮಾಡಬೇಕು ಅಂತ ಹಠ. ಭದ್ರತೆಯ ವಿಭಾಗವೋ ಸಾರ್ವಜನಿಕ ನೀತಿಯೋ, ಯಾವುದಾದರೂ ಸರಿ. ಒಂದು ಕಂಪನಿಯವರು ಮನೆಯಲ್ಲೇ ಕೂತು ವಿದೇಶಿ ಡಾಕ್ಟರೇಟ್ ಮಾಡಬಹುದು, ನಾಲ್ಕು ಲಕ್ಷ, ಕಂತಿನಲ್ಲಿ ಕಟ್ಟಿ ಅನ್ನುತ್ತಿದ್ದಾರೆ. ಕಟ್ಟಲಾ?

ಉತ್ತರ: ಕಟ್ಟಬೇಡಿ ತಾಯಿ. ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆ ಸೇರಿ ಕೊಡುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲ ಅಂತ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣದ ಎಐಸಿಟಿಇ 2022ರಲ್ಲೇ ಎಚ್ಚರಿಸಿವೆ. ನಿಮಗೆ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದೆ ಅಲ್ವಾ? ಆ ಕಾಗದ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ನೀವು ದುಡ್ಡು ಕೊಟ್ಟು ಓದಬೇಕಾಗಿಯೇ ಇಲ್ಲ. ಉಪನ್ಯಾಸಕರ ಅರ್ಹತೆಗೆ ನಡೆಯುವ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದಕ್ಕೆ ವಯಸ್ಸಿನ ಮಿತಿ 30. ಆದರೆ ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ ಇದೆ. ಅಂದರೆ ನಿಮಗಿನ್ನೂ ಸಮಯ ಇದೆ, ಜಾಸ್ತಿ ಇಲ್ಲ. ವರ್ಷಕ್ಕೆ ಎರಡು ಸಲ ಪರೀಕ್ಷೆ. ಈ ಸಲದ ಅರ್ಜಿಯನ್ನೇ ಹಾಕಿ. ಜೆಆರ್‌ಎಫ್ ತಪ್ಪಿದರೂ ನೆಟ್ ಅಂಕ ದಂಡವಲ್ಲ. 2024ರಿಂದ ಅದನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸುತ್ತಾರೆ, ಒಂದು ವರ್ಷ ನಡೆಯುತ್ತದೆ.

ಎಲ್ಲಿ ಅಂತ ಕೇಳಿದರೆ, ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದಲ್ಲಿ ರಾಷ್ಟ್ರೀಯ ಭದ್ರತಾ ಅಧ್ಯಯನಕ್ಕೇ ಒಂದು ಕೇಂದ್ರ ಇದೆ, ಶುಲ್ಕವೂ ಕಡಿಮೆ. ಮನೆ ಬಿಟ್ಟು ಅಷ್ಟು ದೂರ ಆಗಲ್ಲ ಅಂದರೆ ಬೆಂಗಳೂರಿನಲ್ಲೇ ನೋಡಿ. ಐಐಎಸ್‌ಸಿ ಆವರಣದಲ್ಲಿರುವ ನಿಯಾಸ್ ಸಂಶೋಧನಾ ಸಂಸ್ಥೆಯಲ್ಲಿ ಭದ್ರತೆಯ ಮೇಲೆ ಕೆಲಸ ನಡೆಯುತ್ತದೆ. ನಾಗರಭಾವಿಯ ಐಸೆಕ್ ಸಂಶೋಧನಾ ಸಂಸ್ಥೆಯಲ್ಲಿ ಸಮಾಜ ವಿಜ್ಞಾನದ ಪಿಎಚ್.ಡಿ. ಇದೆ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಸಾರ್ವಜನಿಕ ನೀತಿ ವಿಭಾಗ ಇದೆ, ಆಯ್ಕೆಯಾದವರಿಗೆ ಬೋಧನಾ ಶುಲ್ಕವಿಲ್ಲ, ಮೇಲೆ ಸ್ಟೈಪೆಂಡು. ಆದರೆ ಅಲ್ಲಿ ಸೀಟು ಸಿಗುವುದು ಕಷ್ಟ. ಬಂಗಾರಪೇಟೆಯಿಂದ ರೈಲು ಹತ್ತಿ ಒಂದು ದಿನ ಖುದ್ದಾಗಿ ಹೋಗಿ, ಗ್ರಂಥಾಲಯ ನೋಡಿ, ಅಲ್ಲಿನ ಸಂಶೋಧಕರ ಜೊತೆ ಕಾಫಿ ಕುಡಿದು ಬನ್ನಿ.

ಹೋದಾಗ ಒಂದು ಮಾತು ತಪ್ಪದೆ ಕೇಳಬೇಕು. ಗೈಡು, ಅಂದರೆ ನಿಮ್ಮ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಪ್ರಾಧ್ಯಾಪಕರು, ಯಾವಾಗ ನಿವೃತ್ತರಾಗುತ್ತಾರೆ? ನಾನು ತುಮಕೂರಿನಲ್ಲಿ ಪಾಠ ಮಾಡುತ್ತಲೇ ಪಿಎಚ್.ಡಿ.ಗೆ ಸೇರಿದವನು. ಪ್ರತಿ ಶನಿವಾರ ಅಧ್ಯಾಯದ ಹಾಳೆಗಳನ್ನು ಕೆಂಪು ದಾರದ ಫೈಲಿನಲ್ಲಿ ಕಟ್ಟಿಕೊಂಡು ಬೆಂಗಳೂರಿಗೆ ಹೋಗುತ್ತಿದ್ದೆ. ಮೂರನೇ ಅಧ್ಯಾಯದಲ್ಲಿದ್ದಾಗ ಗೈಡು ನಿವೃತ್ತರಾದರು. ಹೊಸಬರು ನನ್ನ ವಿಷಯವನ್ನೇ ಬದಲಿಸಿ ಅಂದರು. ಎರಡು ವರ್ಷ ಹೋಯಿತು, ಅಂಚಿನಲ್ಲಿ ಹಳೆಯ ಗೈಡಿನ ಪೆನ್ಸಿಲ್ ಗುರುತು ಇರುವ ಆ ಹಾಳೆಗಳು ಈಗಲೂ ನನ್ನ ಬೀರುವಿನಲ್ಲಿವೆ. ಈಗ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಾರದು ಅಂತ ಯುಜಿಸಿ ನಿಯಮ ಇದೆ. ಆದರೂ ಕೇಳಿ, ಸಂಕೋಚ ಬೇಡ. ಪಿಎಚ್.ಡಿ.ಗೆ ಮೂರು ವರ್ಷ ಕನಿಷ್ಠ, ಅಷ್ಟರಲ್ಲೇ ಮುಗಿಸುವವರು ಕಡಿಮೆ.

ನೀವು ಆರಿಸಿಕೊಳ್ಳುವ ಗೈಡಿನ ಹಿಂದಿನ ವಿದ್ಯಾರ್ಥಿಗಳ ಮಹಾಪ್ರಬಂಧಗಳು ಶೋಧಗಂಗಾ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಎರಡಾದರೂ ಓದಿ. ಮಾರ್ಗದರ್ಶಕರು ಎಷ್ಟು ಗಮನ ಕೊಟ್ಟಿದ್ದಾರೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಕೆಲಸದ ಜೊತೆ ಅರೆಕಾಲಿಕ ಪಿಎಚ್.ಡಿ.ಗೂ ಈಗ ಅವಕಾಶ ಇದೆ, ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ಬೇಕು. ಆದರೆ ಜೆಆರ್‌ಎಫ್ ಬಂದರೆ ಅತಿಥಿ ಉಪನ್ಯಾಸ ಬಿಟ್ಟು ಪೂರ್ತಿ ಓದಿಗೆ ಕೂತುಕೊಳ್ಳಿ ಅಂತಲೇ ನಾನು ಹೇಳುವುದು. ಮಕ್ಕಳಿದ್ದರೆ ಅವರ ಆರೈಕೆಗೆ ಪಿಎಚ್.ಡಿ. ಅವಧಿಯಲ್ಲಿ 240 ದಿನದವರೆಗೆ ರಜೆ ಸಿಗುತ್ತದೆ.

ನಿಮ್ಮ ವಿಷಯ ತುಂಬಾ ಒಳ್ಳೆಯದು, ಅದನ್ನು ಸಣ್ಣದು ಮಾಡಿಕೊಳ್ಳಿ. ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದು ಮುಂದಿನ ಖಾತೆಗೆ ಹೋಗದಂತೆ ತಡೆಯುವ ಸಾಧ್ಯತೆ ಇರುತ್ತದೆ. ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗಳೂ ಇವೆ. ಹಾಗಿದ್ದರೂ ಹಳ್ಳಿಯ ರೈತ ಅಲ್ಲಿಗೆ ತಲುಪುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ, ಯಾಕೆ? ಕೋಲಾರ ಜಿಲ್ಲೆಯ ರೇಷ್ಮೆ ಬೆಳೆಗಾರರನ್ನೇ ಇಟ್ಟುಕೊಂಡು ಇದನ್ನು ಕೇಳಬಹುದು. ನಿಮ್ಮ ಮಾವನಿಗೆ ಕರೆ ಎಷ್ಟು ಗಂಟೆಗೆ ಬಂತು, ಮೊದಲು ಯಾರಿಗೆ ಹೇಳಿದರು, ಠಾಣೆಗೆ ಯಾವಾಗ ಹೋದರು ಅನ್ನುವುದನ್ನು ಅವರ ಬಾಯಲ್ಲೇ ಕೇಳಿ ಒಂದು ಪುಟ ಬರೆಯಿರಿ. ಬರೆದು ನನಗೂ ಕಳಿಸಿ, ಓದಿ ಹೇಳುತ್ತೇನೆ.