ಹಿತ್ತಲಲ್ಲಿ ಮರಗೆಲಸದ ಶೆಡ್: ಗವಂಡಿಗಿಂತ ಮೊದಲು ಆಚಾರಿ ಬರಲಿ

ಪ್ರಶ್ನೆ: ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿ ಮಿರ್ಜಾನ್ ಹತ್ತಿರದ ಊರಮನೆಗೆ ಬಂದಿದ್ದೇನೆ. ಮರಗೆಲಸ ನನ್ನ ಹಳೆಯ ಹುಚ್ಚು. ಹಿತ್ತಲಲ್ಲಿ 20 ಅಡಿ ಉದ್ದ, 12 ಅಡಿ ಅಗಲದ ಶೆಡ್ ಕಟ್ಟಿಸಿ 2 ಎಚ್‌ಪಿಯ ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸದ ಮಷಿನ್), ಒಂದು ಡ್ರಿಲ್ ಇಡುವ ಯೋಚನೆಯಿದೆ. ಮನೆಗಿರುವುದು ಸಿಂಗಲ್ ಫೇಸ್. ಗುತ್ತಿಗೆದಾರರೊಬ್ಬರು ಸಾಮಾನು, ಕೂಲಿ, ವೈರಿಂಗ್ ಎಲ್ಲ ಸೇರಿಸಿ ರೇಟು ಹೇಳಿ ಅರ್ಧ ಹಣ ಮುಂಗಡ ಕೇಳುತ್ತಿದ್ದಾರೆ. ಒಪ್ಪಬಹುದೇ? ತ್ರೀ ಫೇಸ್ ಬೇಕೇ? ಆಫರ್ ಇರುವಾಗಲೇ ಮಷಿನ್ ಕೊಂಡಿಡಲೇ? ಮಳೆಗಾಲದೊಳಗೆ ಮುಗಿಸಬೇಕು.
– ಓದುಗರೊಬ್ಬರು, ಕುಮಟಾ ತಾಲ್ಲೂಕು

ಉತ್ತರ: ಅರ್ಧ ಮುಂಗಡಕ್ಕೆ ಒಪ್ಪಬೇಡಿ. ಆದರೆ ಗುತ್ತಿಗೆದಾರರ ಮಾತು ಆಮೇಲಿನದು. ಮೊದಲು ದಿನವೂ ಮಷಿನ್ ಮೇಲೆ ಕೆಲಸ ಮಾಡುವ ಆಚಾರಿಯೊಬ್ಬರಿಗೆ ಒಂದು ದಿನದ ಕೂಲಿ ಕೊಟ್ಟು ಕರೆಸಿ. ಹಿತ್ತಲಲ್ಲಿ ಸುಣ್ಣದ ಗೆರೆ ಎಳೆದು ಸಾ ಎಲ್ಲಿ, ಬೆಂಚು ಎಲ್ಲಿ, ಹಲಗೆ ಯಾವ ಕಡೆಯಿಂದ ಒಳಗೆ ಬರಬೇಕು ಎಂದು ಅವರ ಬಾಯಲ್ಲೇ ಹೇಳಿಸಿ. ಗವಂಡಿಗೆ ಇದು ಹೊಳೆಯುವುದಿಲ್ಲ, ನನ್ನಂಥ ಎಂಜಿನಿಯರುಗಳಿಗೂ ಅಷ್ಟಕ್ಕಷ್ಟೆ.

ಲೆಕ್ಕ ನೋಡಿ. 8 ಅಡಿ ಹಲಗೆಯನ್ನು ಉದ್ದಕ್ಕೆ ಸೀಳಲು ಸಾದ ಮುಂದೆ 8 ಅಡಿ, ಹಿಂದೆ 8 ಅಡಿ ಖಾಲಿ ಬೇಕು. ನಡುವೆ ಮಷಿನ್ ಸುಮಾರು 3 ಅಡಿ ತಿನ್ನುತ್ತದೆ. ನಿಮ್ಮ 20 ಅಡಿ ಅಲ್ಲಿಗೇ ಮುಗಿಯಿತು. ನಾಳೆ ಮಂಚಕ್ಕೋ ಬಾಗಿಲ ಚೌಕಟ್ಟಿಗೋ 10 ಅಡಿ ಹಲಗೆ ತಂದರೆ ಗೋಡೆಗೆ ಬಡಿಯುತ್ತದೆ. ಶೆಡ್ಡು ಉದ್ದ ಮಾಡುವುದು ಬೇಡ; ಸಾದ ನೇರಕ್ಕೆ ಗಿಡ್ಡ ಗೋಡೆಯಲ್ಲಿ 6 ಅಡಿಯ ಜೋಡಿ ಬಾಗಿಲು ಇಡಿಸಿ, ಹಲಗೆಯ ತುದಿ ಅಂಗಳಕ್ಕೆ ಹೋಗಲಿ. ಆ ಬಾಗಿಲು ಪಡುವಣಕ್ಕೆ ಮಾತ್ರ ಬೇಡ, ನಮ್ಮ ಮಳೆ ಬಡಿಯುವುದೇ ಆ ಕಡೆಯಿಂದ.

ಗೋಡೆಗೆ ಚಿರೇಕಲ್ಲು ಸಾಕು. ನೀರು ಹೀರುವ ಕಲ್ಲಾದ್ದರಿಂದ ಪಡುವಣದ ಗೋಡೆಗಾದರೂ ಹೊರಗಿನಿಂದ ಗಿಲಾವು ಮಾಡಿಸಿ. ಪಂಚಾಂಗ, ಅಂದರೆ ಗೋಡೆಯ ಕೆಳಗಿನ ಅಡಿಪಾಯದ ಕಟ್ಟೆ, ಒಂದೂವರೆ ಅಡಿ ಎತ್ತರವಿರಲಿ. ನೆಲಕ್ಕೆ ಕಾಂಕ್ರೀಟು ಹಾಕುವ ಮೊದಲು ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಸಿ, ಇಲ್ಲವಾದರೆ ಆಷಾಢದಲ್ಲಿ ತೇವ ಕೆಳಗಿನಿಂದಲೇ ಏರುತ್ತದೆ. ಗೆದ್ದಲಿಗೆ ಮಣ್ಣಿಗೆ ಔಷಧ ಹಾಕಿಸುವುದೂ ಆ ಹಂತದಲ್ಲೇ. ಬಾವಿ ಹತ್ತಿರವಿದ್ದರೆ ಔಷಧ ಬೇಡವೇ ಬೇಡ. ಮರವನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿ. ಮಾಡಿಗೆ ಹಂಚು ತಂಪು, ನೋಡಲೂ ಚಂದ. ಆದರೆ ಮಂಗಗಳ ಕಾಟವಿರುವ ಊರಲ್ಲಿ ಪ್ರತಿ ವರ್ಷ ಹಂಚು ಕೈಯಾಡಿಸುವವರನ್ನು ಹುಡುಕುವುದೇ ಒಂದು ಕೆಲಸ. ನಾನಾದರೆ ಬಣ್ಣದ ಲೇಪನವಿರುವ ತಗಡು ಹೊದೆಸಿ, ಪಡುವಣಕ್ಕೆ 3 ಅಡಿ ಸೂರು ಇಳಿಸುತ್ತೇನೆ.

ತ್ರೀ ಫೇಸ್ ಬೇಡ. 2 ಎಚ್‌ಪಿ ಅಂದರೆ ಸುಮಾರು 1.5 ಕಿಲೋವ್ಯಾಟ್, ಸಿಂಗಲ್ ಫೇಸಿನಲ್ಲೇ ಓಡುತ್ತದೆ. ತೊಂದರೆ ಕೊಡುವುದು ಸ್ಟಾರ್ಟ್ ಆಗುವ ಕ್ಷಣ. ಆಗ ಮೋಟಾರು ಹಲವು ಪಟ್ಟು ಕರೆಂಟು ಎಳೆಯುತ್ತದೆ. ಅಡುಗೆಮನೆಯ ಪಾಯಿಂಟಿನಿಂದ ವೈರು ಎಳೆದರೆ ಮನೆಯ ದೀಪವೆಲ್ಲ ಮಂಕಾಗಿ, ಕೊನೆಗೆ ಮೋಟಾರೇ ಸುಡುತ್ತದೆ. ಮೇನ್ ಬೋರ್ಡಿನಿಂದಲೇ 4 ಚದರ ಮಿಲಿಮೀಟರಿನ ತಾಮ್ರದ ಪ್ರತ್ಯೇಕ ಲೈನು, 20 ಆಂಪಿಯರಿನ ‘ಸಿ’ ಮಾದರಿ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು), 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಆಫ್ ಆಗಿ ಶಾಕಿನಿಂದ ಕಾಯುವ ಸ್ವಿಚ್ಚು), ಒಳ್ಳೆಯ ಅರ್ಥಿಂಗ್ ಇರಲಿ. ಒದ್ದೆ ನೆಲದ ಮೇಲೆ ನಿಂತು ಕೆಲಸ ಮಾಡುವ ನಮ್ಮ ಕಡೆ ಆರ್‌ಸಿಸಿಬಿಯಲ್ಲಿ ಜುಗ್ಗತನ ಕೂಡದು. ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಕೊಡಿ. ಮನೆಯ ಮಂಜೂರಾದ ಲೋಡು ಸಾಲದಿದ್ದರೆ ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಹಾಕಬೇಕಾದೀತು, ಅದನ್ನೂ ಅವರೇ ನೋಡಿ ಹೇಳಲಿ.

ಈಗ ಗುತ್ತಿಗೆ. ನೀವು ಮನೆಯಲ್ಲೇ ಇರುವವರು, 240 ಚದರಡಿಯ ಕೆಲಸ. ಸಾಮಾನು ನೀವೇ ತಂದು, ಗವಂಡಿಗೆ ಬರೀ ಕೂಲಿ ಗುತ್ತಿಗೆ ಕೊಡಿ. ಮಾಡನ್ನು ವೆಲ್ಡಿಂಗಿನವರಿಗೆ ಬೇರೆಯಾಗಿ ಒಪ್ಪಿಸಿ. ಮುಂಗಡ ಹತ್ತನೇ ಒಂದು ಭಾಗ. ಉಳಿದದ್ದು ಪಂಚಾಂಗ ಮುಗಿದಾಗ, ಗೋಡೆ ಎದ್ದಾಗ, ನೆಲ ಆದಾಗ. ಮಾಡಿನ ಕೊನೆಯ ಕಂತನ್ನು ಮೊದಲ ದೊಡ್ಡ ಮಳೆ ನೋಡಿಯೇ ಕೊಡುವುದೆಂದು ಚೀಟಿಯಲ್ಲಿ ಬರೆಸಿ, ಇಬ್ಬರೂ ಸಹಿ ಮಾಡಿ. ಇದಕ್ಕೆ ಮುಖ ಸಿಂಡರಿಸುವವರನ್ನು ಬಿಟ್ಟುಬಿಡಿ. ತಗಡು ಹೊದೆಸುವ ಕೆಲಸ ಏಪ್ರಿಲ್ ಒಳಗೆ ಮುಗಿಯಲಿ. ಮೇ ತಿಂಗಳಲ್ಲಿ ಊರಿಗೆ ಊರೇ ಮಾಡಿನ ಮೇಲಿರುತ್ತದೆ, ನಿಮ್ಮ ಫೋನು ಯಾರೂ ಎತ್ತುವುದಿಲ್ಲ.

ಪಂಚಾಯತಿಯ ಅನುಮತಿ ತೆಗೆದುಕೊಳ್ಳಿ. ಅಘನಾಶಿನಿಯ ಉಬ್ಬರದ ನೀರು ಹತ್ತಿರ ಬರುವ ಜಾಗವಾದರೆ ಕರಾವಳಿ ನಿಯಂತ್ರಣ ವಲಯದ ನಿಯಮವನ್ನೂ ಅಲ್ಲೇ ವಿಚಾರಿಸಿ. ದಿಮ್ಮಿ ಸೀಳುವ ಯಂತ್ರದ ಆಸೆ ಬೇಡ, ಅದಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಲೈಸೆನ್ಸ್ ಇರುವ ಸಾಮಿಲ್ಲಿನಲ್ಲಿ ಸೀಳಿಸಿ ತನ್ನಿ, ರಶೀದಿ ಎಸೆಯಬೇಡಿ.

ಮಷಿನನ್ನು ಈಗಲೇ ಕೊಳ್ಳಬೇಡಿ. ಅಂಗಡಿಗೆ ಹೋಗಿ ಅಳತೆ ಮಾತ್ರ ಬರೆದುಕೊಂಡು ಬಂದು ಆಚಾರಿಗೆ ಕೊಡಿ. ಪೆಟ್ಟಿಗೆಯಲ್ಲೇ ಕೂತರೂ ವಾರಂಟಿ ಸವೆಯುತ್ತದೆ, ಉಪ್ಪುಗಾಳಿಗೆ ಎರಕದ ಕಬ್ಬಿಣದ ಟೇಬಲ್ಲು ತುಕ್ಕು ಹಿಡಿಯುತ್ತದೆ. ನೆಲ ಒಣಗಿ, ವೈರಿಂಗ್ ಆದ ಮೇಲೆ ತನ್ನಿ. ತಂದ ದಿನವೇ ಟೇಬಲ್ಲಿಗೆ ಮೇಣ ತಿಕ್ಕಿ, ಮಳೆಗಾಲದಲ್ಲಿ ಅದನ್ನು ಆಗಾಗ ಮತ್ತೆ ಹಚ್ಚುತ್ತಿರಿ.